ಹೇಮಂತದಲ್ಲಿ ಯೂರೋಪು: ಎಲ್ಲಿಗೆ ಹೋಗುವುದು?

ಈ ಹೇಮಂತವನ್ನು ಯೂರೋಪಿನಲ್ಲಿ ಕಳೆಯಬೇಕೆಂದು ಲಂಡನ್ನಿನಲ್ಲಿರುವ ನಮ್ಮ ಪುತ್ರನು ಬರೆದಿರುವನು. ಗೃಹಿಣಿಗೆ ಹಿಮಪಾತವನ್ನು ಕಣ್ಣಾರೆ ಕಾಣುವ ಹಂಬಲ. ಆದರೆ ಚಳಿ ತಾಗಿದೊಡನೆ ಆಕೆಗೆ ಉಬ್ಬಸ.

ವಾಚಕರು ಊರನ್ನಾರಿಸುವಾಗ ಚಳಿಯೊಡನೆ ದಿನಮಾನವನ್ನೂ ಗಣಿಸತಕ್ಕದ್ದು. ಡಿಸೆಂಬರಿನ ಕಡೆಯಲ್ಲಿ ನಮ್ಮ ಚಾಮರಾಜನಗರದ ಹಗಲು ೧೧ ಗಂಟೆಗೂ ಮಿಕ್ಕಿದ್ದು. ಲಂಡನ್ನಿನಲ್ಲಿ ೮ ಗಂಟೆಯೂ ತುಂಬದು, ಹೆಲ್ಸಿಂಕಿಯಲ್ಲಿ ೬ ಕೂಡ ಇಲ್ಲ! ದಕ್ಷಿಣದ ಅಥೆನ್ಸಿನಲ್ಲಿ ಸುಮಾರು ಒಂಬತ್ತೂವರೆ. ಅಲ್ಲಿ ಮಳೆಯುಂಟು, ಹಿಮಪಾತ ಅಪರೂಪ. ನಮ್ಮ ಮನಸ್ಸು ಅಥೆನ್ಸಿನತ್ತ ವಾಲಿದೆ, ಗೃಹಿಣಿಯು ಮುನಿದಿರುವಳು.

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ಗೋಪಾಲಸ್ವಾಮಿ ಬೆಟ್ಟದ ಎತ್ತರ ೧,೪೫೪ ಮೀಟರು. ಅಲ್ಲಿ ಕವಿಯುವುದು ಮಂಜು ಮಾತ್ರ; ಸಂಸ್ಕೃತದಲ್ಲಿ ಚಳಿಗೂ ‘ಹಿಮ’ವೆಂದೇ ಹೆಸರಷ್ಟೆ. ಬರುವ ಶನಿವಾರ ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲಿ ಇಬ್ಬರೂ ಮೇಲೇರುವೆವು. ಅಲ್ಲಿಯ ಚಳಿಗಾಳಿಯನ್ನು ಆಕೆಯ ಉಸಿರು ತಾಳಿದರೆ, ಅಥೆನ್ಸಿಗೇ ಬಂದು ಕೂಡಿಕೊಳ್ಳುವಂತೆ ಪುತ್ರನಿಗೆ ಬರೆಯುವೆವು.