ಕಾಡಿಗೂ ಹವಳಕ್ಕೂ ಏನು ನಂಟು?

ಪ್ರಶ್ನೆ: ಆಸ್ಟ್ರೇಲಿಯಾ ಸರ್ಕಾರ ಮಳೆಕಾಡು, ಹವಳದಿಬ್ಬ ಎರಡರ ಸಂಶೋಧನೆಗೂ ಒಟ್ಟಿಗೇ ಹಣ ಕೊಡುವುದೇಕೆ?

ಉತ್ತರ: ಎರಡನ್ನೂ ಬೆಸೆದಿರುವುದು ನದಿಗಳು. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಡೇನ್‌ಟ್ರೀ ಮಳೆಕಾಡು ಕಡಲಂಚಿನವರೆಗೂ ಇಳಿದಿದೆ. ಅದರಾಚೆಗೆ ಕಡಲಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದಿಬ್ಬ. ಕಾಡು ಕಡಿದು ಮಾಡಿದ ಕಬ್ಬಿನ ಗದ್ದೆಗಳಿಂದ ಮಣ್ಣು, ಗೊಬ್ಬರ ಮಳೆಗೆ ಕೊಚ್ಚಿ, ನದಿಗಳ ಮೂಲಕ ಸಮುದ್ರ ಸೇರುತ್ತವೆ. ಆಗ ನೀರಿನಲ್ಲಿ ಸೂಕ್ಷ್ಮ ಪಾಚಿ ಹೆಚ್ಚಿ, ಅದನ್ನು ತಿನ್ನುವ ಮುಳ್ಳುಕಿರೀಟ ನಕ್ಷತ್ರಮೀನಿನ ಮರಿಗಳೂ ಹೆಚ್ಚು ಬದುಕುತ್ತವೆ ಎಂಬುದು ಅನೇಕ ವಿಜ್ಞಾನಿಗಳ ವಾದ. ಬೆಳೆದ ನಕ್ಷತ್ರಮೀನು ತನ್ನ ಜಠರವನ್ನೇ ಬಾಯಿಂದ ಹೊರಚಾಚಿ, ಹವಳದ ಮೇಲೆ ಹೊದಿಸಿ, ಅಲ್ಲೇ ಕರಗಿಸಿ ಹೀರುತ್ತದೆ. ಉಳಿಯುವುದು ಬಿಳಿ ಅಸ್ಥಿಪಂಜರ ಮಾತ್ರ.

ಇವನ್ನು ಕೊಲ್ಲಲು ಹಿಂದೆ ಮುಳುಗುಗಾರರು ಒಂದೊಂದು ನಕ್ಷತ್ರಮೀನಿಗೂ ಹಲವು ಬಾರಿ ಮದ್ದು ಚುಚ್ಚಬೇಕಿತ್ತು. ಪಿತ್ತರಸದ ಲವಣವಾದರೆ ಒಂದೇ ಚುಚ್ಚು ಸಾಕೆಂದು ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಇಂಥ ಸಂಶೋಧನೆ ಮಾರಿ ಲಾಭ ಗಳಿಸುವ ಸರಕಲ್ಲ. ಇದಕ್ಕೆ ಸಾರ್ವಜನಿಕ ಹಣವೇ ಬೇಕು. ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿದ ಹಲಗೆ ಹಿಡಿದು ತೇಲುತ್ತ, ಎರಡು ನಿಮಿಷಕ್ಕೊಮ್ಮೆ ನಿಂತು ಹವಳದ ಲೆಕ್ಕ ಬರೆಯುವ ದಶಕಗಳ ಕೆಲಸಕ್ಕೂ ಅಷ್ಟೇ. 1972ರಲ್ಲಿ ಸ್ಥಾಪನೆಯಾದ ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆ ಇದನ್ನು ಮಾಡುತ್ತಿದೆ. ಆದರೆ 2016 ಮತ್ತು 2017ರಲ್ಲಿ ಸತತವಾಗಿ ಹವಳ ಬಿಳಿಚಿಕೊಂಡಿದ್ದು ಸಮುದ್ರದ ಬಿಸಿಯಿಂದ. ಅದಕ್ಕೆ ಮುಳುಗುಗಾರರ ಬಳಿ ಮದ್ದಿಲ್ಲ.