ಎಸರಿನ ಗುಳ್ಳೆಯೊಳಗೆ ಏನಿದೆ?

ಒಲೆಯ ಮೇಲೆ ಎಸರಿಟ್ಟಿದೆ. "ಕುದಿ ಬಂತೇನೋ, ನೋಡು" ಎಂದು ಅಮ್ಮ ಕೂಗುತ್ತಾರೆ. ನೀವು ಮುಚ್ಚಳ ತೆಗೆದು ಒಂದು ಕ್ಷಣ ಇಣುಕಿ "ಬಂತಮ್ಮಾ" ಎನ್ನುತ್ತೀರಿ. ತಾಪಮಾಪಕವಿಲ್ಲದೆ ಅದು ನಿಮಗೆ ಹೇಗೆ ತಿಳಿಯಿತು? ಗುಳ್ಳೆಗಳನ್ನು ನೋಡಿ, ಅಲ್ಲವೇ? ಹಾಗಾದರೆ ಆ ಗುಳ್ಳೆಯೊಳಗೆ ಏನಿದೆ?

ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬಂದಿದ್ದ ವಿದ್ಯಾರ್ಥಿಗಳ ಮುಂದೆ ಇದೇ ಪ್ರಶ್ನೆ ಇಟ್ಟೆವು. ಕೆಲವರು "ಗಾಳಿ" ಎಂದರು. ಕೆಲವರು "ಜಲಜನಕ ಮತ್ತು ಆಮ್ಲಜನಕ" ಎಂದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಸಂಕೋಚದಿಂದಲೇ "ನೀರೇ ಇರಬಹುದೇ ಸರ್?" ಎಂದಳು. ಸರಿಯಾದ ಉತ್ತರ ಅವಳದೇ. ಕುದಿಯುವ ನೀರಿನ ಗುಳ್ಳೆಯೊಳಗೆ ಇರುವುದು ನೀರೇ, ಆದರೆ ಆವಿಯ ರೂಪದಲ್ಲಿ. ನೀರಿನ ಅಣು ಒಡೆದು ಜಲಜನಕವೂ ಆಮ್ಲಜನಕವೂ ಬೇರೆಯಾಗುವಷ್ಟು ಶಕ್ತಿ ನಮ್ಮ ಒಲೆಗಿಲ್ಲ. ಅಣುಗಳು ಒಂದರ ಕೈ ಇನ್ನೊಂದು ಬಿಟ್ಟು ದೂರ ಸರಿಯುತ್ತವೆ, ಅಷ್ಟೆ. ಹಾಗೆ ಸರಿದಾಗ ಒಂದು ಚಮಚ ನೀರು ಸುಮಾರು 1,600 ಚಮಚದಷ್ಟು ಜಾಗ ಹಿಡಿಯುತ್ತದೆ.

ಮೊದಲು ಗಾಳಿ, ಆಮೇಲೆ ಆವಿ

ಹಾಗೆಂದು "ಗಾಳಿ" ಎಂದವರು ಪೂರಾ ತಪ್ಪಲ್ಲ. ನೀರು ಬಿಸಿಯಾಗತೊಡಗಿದಾಗ ಪಾತ್ರೆಯ ಒಳಗೋಡೆಗೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಅವು ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕರಗಿರುವ ಪ್ರಮಾಣ ತಗ್ಗುತ್ತದೆ. ಹೆಚ್ಚಾದದ್ದು ಹೊರಬರುತ್ತದೆ.

ಇನ್ನೂ ಕಾಯಿಸಿದರೆ ಪಾತ್ರೆಯಿಂದ "ಸುಂಯ್" ಎಂಬ ಸದ್ದು ಹೊರಡುತ್ತದೆ. ಇದು ಎರಡನೆಯ ಬಗೆಯ ಗುಳ್ಳೆಯ ದನಿ. ತಳದ ನೀರು ಕುದಿಯುವಷ್ಟು ಕಾದಿದೆ, ಮೇಲಿನ ನೀರು ಇನ್ನೂ ಅಷ್ಟು ಕಾದಿಲ್ಲ. ತಳದಲ್ಲಿ ಹುಟ್ಟಿದ ಆವಿಗುಳ್ಳೆ ತುಸು ಮೇಲೇರಿದೊಡನೆ ತಣ್ಣನೆಯ ನೀರಿಗೆ ಸಿಕ್ಕಿ ಮತ್ತೆ ನೀರಾಗಿ ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಪಟಪಟನೆ ಕುಸಿಯುವ ಸದ್ದೇ ಎಸರಿನ ಹಾಡು. ಮೇಲಿನ ನೀರೂ ಕಾದ ಮೇಲೆ ಗುಳ್ಳೆಗಳು ಕುಸಿಯದೆ ಮೇಲ್ಮೈವರೆಗೂ ಬಂದು ಒಡೆಯುತ್ತವೆ. ಆಗ ಹಾಡು ನಿಂತು "ಕೊತಕೊತ" ಶುರುವಾಗುತ್ತದೆ. ಕಿವಿಗೊಟ್ಟು ಕೇಳಿ, ನೋಡದೆಯೇ ಎಸರಿನ ಸ್ಥಿತಿ ಹೇಳಬಹುದು.

ಹುಟ್ಟುವುದೇ ಕಷ್ಟ

ಈಗ ಒಂದು ತೊಡಕಿನ ಪ್ರಶ್ನೆ. ಗುಳ್ಳೆಗಳು ಯಾವಾಗಲೂ ಪಾತ್ರೆಯ ಕೆಲವೇ ಕೆಲವು ಜಾಗಗಳಿಂದ ಏಳುತ್ತವೆ, ಏಕೆ? ನೀರಿನ ನಡುಮಧ್ಯದಿಂದ ಏಕೆ ಏಳುವುದಿಲ್ಲ?

ಕಾರಣ, ಮೇಲ್ಮೈ ಎಳೆತ. ಗುಳ್ಳೆಯ ಸುತ್ತಲಿನ ನೀರಿನ ಮೇಲ್ಮೈ ಬಿಗಿದ ರಬ್ಬರ್ ಹಾಳೆಯಂತೆ ಗುಳ್ಳೆಯನ್ನು ಹಿಸುಕಲು ನೋಡುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಈ ಹಿಸುಕು ಹೆಚ್ಚು. ಲೆಕ್ಕ ಹಾಕಿ ನೋಡೋಣ. ಗುಳ್ಳೆಯ ತ್ರಿಜ್ಯ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವಿದ್ದರೆ, ಅದು ಬದುಕಲು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಶೇಕಡಾ 12ರಷ್ಟು ಹೆಚ್ಚು ಒತ್ತಡ ಒಳಗಿರಬೇಕು. ಅದಕ್ಕೆ ನೀರು ಸುಮಾರು 103 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ತ್ರಿಜ್ಯ ಇನ್ನೂ ಹತ್ತು ಪಟ್ಟು ಚಿಕ್ಕದಾದರೆ ಒತ್ತಡ ಎರಡು ಪಟ್ಟಿಗೂ ಮೀರಬೇಕು, ನೀರು 120 ಡಿಗ್ರಿ ದಾಟಬೇಕು. ಅಂದರೆ ಏನೂ ಇಲ್ಲದ ಜಾಗದಲ್ಲಿ ಸೊನ್ನೆಯಿಂದ ಹುಟ್ಟುವುದು ಗುಳ್ಳೆಗೆ ಬಹಳ ಕಷ್ಟ. ಅತ್ಯಂತ ಶುದ್ಧವಾದ ನೀರಿನ ಸಣ್ಣ ಹನಿಗಳನ್ನು ಎಣ್ಣೆಯಲ್ಲಿ ತೇಲಿಸಿ, ಗಟ್ಟಿ ಗೋಡೆಯೇ ತಗಲದಂತೆ ಕಾಯಿಸಿದ ವಿಜ್ಞಾನಿಗಳು, ಮಾಮೂಲಿ ಒತ್ತಡದಲ್ಲೇ ಅವನ್ನು ಸುಮಾರು 280 ಡಿಗ್ರಿವರೆಗೆ ಕುದಿಯದಂತೆ ಒಯ್ದಿದ್ದಾರೆ!

ಪಾತ್ರೆಯ ಗೋಡೆಯಲ್ಲಾದರೋ ಕಣ್ಣಿಗೆ ಕಾಣದ ಗೀರು, ತೂತುಗಳಿರುತ್ತವೆ. ನೀರು ತುಂಬಿದಾಗ ಅವುಗಳಲ್ಲಿ ಚೂರು ಗಾಳಿ ಸಿಕ್ಕಿಕೊಳ್ಳುತ್ತದೆ. ಆವಿಗೆ ಅದೇ ತೊಟ್ಟಿಲು. ಗುಳ್ಳೆ ಬೆಳೆದು ಹಾರಿದ ಮೇಲೂ ತೂತಿನಲ್ಲಿ ಸ್ವಲ್ಪ ಆವಿ ಉಳಿದು ಮುಂದಿನ ಗುಳ್ಳೆಗೆ ಬೀಜವಾಗುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ ಎಂದು ಒಪ್ಪಿಕೊಳ್ಳಬೇಕು. ವಿಜ್ಞಾನ ಪದವಿ ಕೈಯಲ್ಲಿದ್ದೂ ಒಮ್ಮೆ ಸ್ಟುಡಿಯೋದಲ್ಲಿ ಎಡವಿದೆ. ತೆರೆಯ ಮೇಲೆ ಚೆನ್ನಾಗಿ ಕಾಣಲೆಂದು ಹೊಚ್ಚ ಹೊಸ ಗಾಜಿನ ಬೀಕರು, ಬಟ್ಟಿ ಇಳಿಸಿದ ನೀರು ತರಿಸಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬೇಕು. ತಾಪಮಾಪಕ 97 ದಾಟಿತು, 99 ದಾಟಿತು. ಗುಳ್ಳೆಯ ಸುಳಿವಿಲ್ಲ. ಕ್ಯಾಮೆರಾ ಓಡುತ್ತಿದೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದೇವೆ. ಇದ್ದಕ್ಕಿದ್ದಂತೆ "ಧಡ್" ಎಂದು ಒಂದೇ ದೊಡ್ಡ ಗುಳ್ಳೆ ಎದ್ದು ಬಿಸಿನೀರು ಮೇಜಿನ ಮೇಲೆಲ್ಲ ಉಕ್ಕಿತು. ಯಾರಿಗೂ ತಗಲಲಿಲ್ಲ, ಪುಣ್ಯ. ಅತಿಥಿ ಉಪನ್ಯಾಸಕರ ಜೊತೆ ಬಂದಿದ್ದ ಹಿರಿಯ ಪ್ರಯೋಗಾಲಯ ಸಹಾಯಕರು ನಕ್ಕು, "ನೀರು ಪೂರ್ತಿ ಆರಲಿ ಬಿಡಿ" ಎಂದರು. ಹೊರಗೆ ಹೋಗಿ ಮುರಿದ ಹೂಕುಂಡದ ಒಂದು ಬೋಕಿ ಚೂರನ್ನು ತೊಳೆದು ತಂದು ಹಾಕಿದರು. ಮತ್ತೆ ಕಾಯಿಸಿದೆವು. ಚೂರಿನ ಮೈಯಿಂದ ಮುತ್ತಿನ ಸರದಂತೆ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಮಣ್ಣಿನ ಚೂರಿನ ತುಂಬ ತೊಟ್ಟಿಲುಗಳೇ!

ಇದರಲ್ಲಿ ನಿಮಗೊಂದು ಎಚ್ಚರಿಕೆಯೂ ಇದೆ. ಕಾದೂ ಕುದಿಯದೆ ಸುಮ್ಮನಿರುವ ನೀರಿಗೆ ಚೂರನ್ನಾಗಲಿ, ಚಮಚವನ್ನಾಗಲಿ, ಕಾಫಿಪುಡಿಯನ್ನಾಗಲಿ ಹಾಕಬಾರದು. ಅದು ಒಮ್ಮೆಲೇ ಸಿಡಿಯುತ್ತದೆ. ನುಣುಪಾದ ಲೋಟದಲ್ಲಿ ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದ ನೀರಿನ ವಿಷಯದಲ್ಲಿ ಇದು ಮುಖ್ಯ.

ಶಾಖ ಹೊರುವ ಹಮಾಲಿ

ಗುಳ್ಳೆಗಳ ಬಗ್ಗೆ ಎಂಜಿನಿಯರುಗಳಿಗೆ ಇಷ್ಟೊಂದು ಆಸಕ್ತಿ ಏಕೆ? ಒಂದು ಕಿಲೋಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ತರಲು ಸುಮಾರು 420 ಕಿಲೋಜೌಲ್ ಶಾಖ ಬೇಕು. ಅದೇ ನೀರನ್ನು 100 ಡಿಗ್ರಿಯಲ್ಲೇ ಆವಿಯಾಗಿಸಲು ಸುಮಾರು 2,260 ಕಿಲೋಜೌಲ್ ಬೇಕು, ಅಂದರೆ ಐದು ಪಟ್ಟಿಗೂ ಹೆಚ್ಚು. ಇದೇ ನೀವು ಪಾಠದಲ್ಲಿ ಓದಿರುವ ಗುಪ್ತೋಷ್ಣ. ಪ್ರತಿಯೊಂದು ಗುಳ್ಳೆಯೂ ಈ ಹೊರೆಯನ್ನು ಬೆನ್ನ ಮೇಲೆ ಹೊತ್ತು ಬಿಸಿ ಲೋಹದಿಂದ ದೂರ ಸಾಗುತ್ತದೆ. ಅದು ಬಿಟ್ಟ ಜಾಗಕ್ಕೆ ತಂಪಾದ ನೀರು ನುಗ್ಗುತ್ತದೆ. ಲೋಹ ತಣಿಯುತ್ತದೆ.

ಈ ಕೆಲಸ ಎಷ್ಟು ಚುರುಕೆಂದರೆ, ಗುಳ್ಳೆಯೊಂದು ಹುಟ್ಟಿ, ಎರಡು ಮೂರು ಮಿಲಿಮೀಟರ್ ಬೆಳೆದು, ತಳ ಬಿಟ್ಟು ಹಾರಲು ಸೆಕೆಂಡಿನ ನೂರನೇ ಕೆಲವು ಭಾಗ ಸಾಕು. ನಮ್ಮ ಟಿವಿ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಗುಳ್ಳೆಯ ಬಾಲ್ಯವೇ ಮುಗಿದಿರುತ್ತದೆ. ಆದ್ದರಿಂದಲೇ ಸಂಶೋಧಕರು ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಬಳಸುತ್ತಾರೆ.

ಹೆಚ್ಚಾದರೆ ಆಪತ್ತು

ಹಾಗಾದರೆ ಗುಳ್ಳೆ ಹೆಚ್ಚಿದಷ್ಟೂ ಒಳ್ಳೆಯದೇ? ಇಲ್ಲ. ಜಪಾನಿನ ಸೆಂಡೈ ನಗರದಲ್ಲಿ ಶಿರೋ ನುಕಿಯಾಮ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟು 1934ರಲ್ಲಿ ಪ್ರಕಟಿಸಿದರು. ಅವರು ನೀರಿನಲ್ಲಿ ಮುಳುಗಿಸಿದ ನೈಕ್ರೋಮ್ ತಂತಿಗೆ ವಿದ್ಯುತ್ ಹರಿಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರು. ಗುಳ್ಳೆಗಳು ಹೆಚ್ಚಿದವು. ಶಾಖ ಸರಾಗವಾಗಿ ಹೊರಬಿತ್ತು. ಒಂದು ಹಂತ ದಾಟಿದೊಡನೆ ತಂತಿ ತಟ್ಟನೆ ಕೆಂಪಗೆ ಕಾದು ಕರಗಿ ತುಂಡಾಯಿತು. ಸುತ್ತ ನೀರೇ ಇದ್ದರೂ!

ನಡೆದದ್ದೇನು? ಗುಳ್ಳೆಗಳು ದಟ್ಟವಾಗಿ, ಒಂದಕ್ಕೊಂದು ಸೇರಿ ತಂತಿಯ ಸುತ್ತ ಆವಿಯ ಹೊದಿಕೆಯಾದವು. ಆವಿ ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ನೀರು ಒಳಗೆ ಬರಲಾರದೆ, ಶಾಖ ಹೊರಗೆ ಹೋಗಲಾರದೆ ತಂತಿ ಬೆಂದಿತು. ಹಮಾಲಿಗಳು ಬಾಗಿಲಲ್ಲೇ ಗುಂಪುಗಟ್ಟಿ ನಿಂತರೆ ಮೂಟೆ ಹೊರಗೆ ಹೋಗುವುದು ಹೇಗೆ? ಹೆಚ್ಚು ತಾಪ ತಡೆಯುವ ಪ್ಲಾಟಿನಂ ತಂತಿಯಿಂದ ನುಕಿಯಾಮ ಪ್ರಯೋಗ ಮುಂದುವರಿಸಿ ಈ ಜಿಗಿತದ ಆಚೆಯ ಸ್ಥಿತಿಯನ್ನೂ ಅಳೆದರು. ವಾಯುಮಂಡಲದ ಒತ್ತಡದಲ್ಲಿರುವ ನೀರಿಗೆ ಈ ಮಿತಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್.

ಈ ಆವಿಯ ಹೊದಿಕೆಯನ್ನು ನೀವು ಅಡುಗೆಮನೆಯಲ್ಲೇ ಕಂಡಿದ್ದೀರಿ. ದೋಸೆ ಕಾವಲಿ ಕಾದಿದೆಯೇ ಎಂದು ನೀರು ಚಿಮುಕಿಸುತ್ತಾರಲ್ಲ, ಹದವಾಗಿ ಕಾದಿದ್ದರೆ ಹನಿ "ಚುಂಯ್" ಎಂದು ಆರುತ್ತದೆ. ವಿಪರೀತ ಕಾದಿದ್ದರೆ ಹನಿ ಆರದೆ ಗುಂಡಗಾಗಿ ಕುಣಿಯುತ್ತ ಓಡಾಡುತ್ತದೆ. ಹನಿ ತನ್ನದೇ ಆವಿಯ ಮೇಲೆ ತೇಲುತ್ತಿರುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಹನಿಯೊಂದು ಸುಮಾರು ಅರ್ಧ ನಿಮಿಷ ಬಾಳಿದ್ದನ್ನು ದಾಖಲಿಸಿದ್ದರು.

ಕಾವಲಿಯಲ್ಲಿ ಇದು ಆಟ. ಪರಮಾಣು ಸ್ಥಾವರದಲ್ಲಿ ಇದು ಜೀವನ್ಮರಣದ ಪ್ರಶ್ನೆ. ಇಂಧನದ ಸರಳುಗಳ ಸುತ್ತ ಇಂಥ ಹೊದಿಕೆ ಕವಿದರೆ ಸರಳಿನ ಕವಚ ಕೆಡುತ್ತದೆ. ಆದ್ದರಿಂದ ಸ್ಥಾವರಗಳನ್ನು ಆ ಮಿತಿಗಿಂತ ಸಾಕಷ್ಟು ಕೆಳಗೇ ನಡೆಸುತ್ತಾರೆ. 1969ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ತಾರಾಪುರದ ಮೊದಲ ಎರಡು ಸ್ಥಾವರಗಳದು ಒಳಗೇ ನೀರು ಕುದಿಸುವ ಮಾದರಿ. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ್ದು ಬೇರೆ ಮಾದರಿ. ಅಲ್ಲಿ ಇಂಧನವನ್ನು ತಣಿಸುವ ಭಾರಜಲವನ್ನು ಭಾರಿ ಒತ್ತಡದಲ್ಲಿಟ್ಟು ಕುದಿಯದಂತೆ ತಡೆದು, ಅದರ ಶಾಖದಿಂದ ಬೇರೆ ನೀರನ್ನು ಕುದಿಸುತ್ತಾರೆ. 1986ರ ಚೆರ್ನೋಬಿಲ್ ದುರಂತದ ಹಲವು ಕಾರಣಗಳಲ್ಲಿ ಗುಳ್ಳೆಯೂ ಒಂದು. ಆ ಸ್ಥಾವರದ ವಿನ್ಯಾಸದಲ್ಲಿ ನೀರಿನ ಜಾಗವನ್ನು ಆವಿ ಆಕ್ರಮಿಸಿದಷ್ಟೂ ಪರಮಾಣು ಕ್ರಿಯೆ ಹೆಚ್ಚುತ್ತಿತ್ತು. ಕ್ರಿಯೆ ಹೆಚ್ಚಿದಷ್ಟೂ ಆವಿ ಹೆಚ್ಚುತ್ತಿತ್ತು.

ಗುಳ್ಳೆಯೇ ಉಪಕರಣ

ಇದೇ ಗುಳ್ಳೆಯನ್ನು ಉಪಕರಣವಾಗಿ ಬಳಸಿದವರೂ ಇದ್ದಾರೆ. 1952ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ಲೇಸರ್ ಪುಟ್ಟ ಗಾಜಿನ ಕೋಶವೊಂದರಲ್ಲಿ ಈಥರ್ ತುಂಬಿದರು. ಮಾಮೂಲಿಯಾಗಿ 35 ಡಿಗ್ರಿ ಆಸುಪಾಸಿನಲ್ಲಿ ಕುದಿಯುವ ಈಥರನ್ನು ಒತ್ತಡದಲ್ಲಿಟ್ಟು ಸುಮಾರು 140 ಡಿಗ್ರಿಗೆ ಕಾಯಿಸಿ, ಒತ್ತಡವನ್ನು ಥಟ್ಟನೆ ತೆಗೆದರು. ನಮ್ಮ ಸ್ಟುಡಿಯೋದ ಬೀಕರಿನಂತೆಯೇ ದ್ರವ "ಕುದಿಯಬೇಕು, ಆದರೆ ಕುದಿದಿಲ್ಲ" ಎಂಬ ಸ್ಥಿತಿಗೆ ಬಂತು. ಆಗ ವಿದ್ಯುದಾವಿಷ್ಟ ಕಣವೊಂದು ಹಾದುಹೋದರೆ ಅದು ಬಿಟ್ಟ ಶಕ್ತಿಯೇ ಬೀಜವಾಗಿ, ಕಣ ನಡೆದ ದಾರಿಯುದ್ದಕ್ಕೂ ಗುಳ್ಳೆಗಳ ಸಾಲು ಮೂಡುತ್ತದೆ. ಕಣ್ಣಿಗೆ ಕಾಣದ ಕಣದ ಹೆಜ್ಜೆಗುರುತು ಹೀಗೆ ಛಾಯಾಚಿತ್ರಕ್ಕೆ ಸಿಕ್ಕಿತು. ಈ ಬಬಲ್ ಚೇಂಬರಿಗಾಗಿ ಗ್ಲೇಸರ್ 1960ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಜಿನೀವಾದ ಸರ್ನ್ ಸಂಸ್ಥೆಯ ಗಾರ್ಗಮೆಲ್ ಎಂಬ ದೊಡ್ಡ ಬಬಲ್ ಚೇಂಬರ್, ನ್ಯೂಟ್ರಿನೋ ಕಣಗಳ ಹೊಸ ಬಗೆಯ ವರ್ತನೆಯೊಂದನ್ನು 1973ರಲ್ಲಿ ಬಯಲಿಗೆ ತಂದಿತು. ಕೆನಡಾದಲ್ಲಿ ನೆಲದಾಳದ ಪ್ರಯೋಗಾಲಯದೊಳಗೆ ವಿಜ್ಞಾನಿಗಳು ಇದೇ ತತ್ತ್ವದಿಂದ ಕಪ್ಪುದ್ರವ್ಯವನ್ನು ಹುಡುಕುತ್ತಿದ್ದಾರೆ.

ನಿಮ್ಮ ಶಾಲೆಯ ಇಂಕ್‌ಜೆಟ್ ಮುದ್ರಕದಲ್ಲೂ ಗುಳ್ಳೆ ಇರಬಹುದು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೋ ಎಂಡೋ ಅವರ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬೆಸುಗೆ ಕಡ್ಡಿ ತಗಲಿ ಶಾಯಿ ಚಿಮ್ಮಿತು. ಆ ಬಗೆಯ ಮುದ್ರಕದಲ್ಲಿ ಕೂದಲಿನಷ್ಟೇ ಸಣ್ಣ ಹೀಟರು ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ ಶಾಯಿಯ ತೆಳು ಪದರವನ್ನು ಕಾಯಿಸುತ್ತದೆ. ಹುಟ್ಟಿದ ಗುಳ್ಳೆ ಒಂದು ಹನಿಯನ್ನು ಕಾಗದಕ್ಕೆ ತಳ್ಳುತ್ತದೆ.

ಗುರುತ್ವವೇ ಇಲ್ಲದಂತಿರುವೆಡೆ ಏನಾಗುತ್ತದೆ? ಭಾರತ ಮೂಲದ ವಿಜ್ಞಾನಿ ವಿಜಯ್ ಧೀರ್ ನೇತೃತ್ವದ ಪ್ರಯೋಗವೊಂದು 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದನ್ನು ಪರೀಕ್ಷಿಸಿತು. ಅಲ್ಲಿ ಮೇಲೆ, ಕೆಳಗೆ ಎಂಬುದಿಲ್ಲ. ಗುಳ್ಳೆಯನ್ನು ಮೇಲಕ್ಕೆತ್ತುವ ಬಲವೂ ಇಲ್ಲ. ಗುಳ್ಳೆ ಬಿಸಿ ಮೇಲ್ಮೈ ಬಿಟ್ಟು ಹೋಗದೆ ಬೆಳೆಯುತ್ತಲೇ ಹೋಗಿ, ಅಕ್ಕಪಕ್ಕದ ಚಿಕ್ಕ ಗುಳ್ಳೆಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹಮಾಲಿ ಹೊರೆ ಹೊತ್ತು ಅಲ್ಲೇ ಕುಳಿತಂತೆ. ಗಗನನೌಕೆಯ ಯಂತ್ರಗಳನ್ನು ತಣಿಸಬೇಕಾದವರಿಗೆ ಇದು ದೊಡ್ಡ ತೊಡಕು.

ಬಾಳು ಕ್ಷಣಿಕವೆನ್ನಲು ನಮ್ಮ ಹಿರಿಯರು ನೀರಿನ ಗುಳ್ಳೆಯನ್ನೇ ತೋರಿಸಿದರು. ಗುಳ್ಳೆಯ ಆಯುಷ್ಯ ಚಿಕ್ಕದು ನಿಜ. ಆದರೆ ಅದು ಹೊರುವ ಹೊರೆ ಚಿಕ್ಕದಲ್ಲ. ಮುಂದಿನ ಬಾರಿ ಅಮ್ಮ "ಕುದಿ ಬಂತೇ" ಎಂದಾಗ ಮುಚ್ಚಳ ತೆಗೆಯುವ ಮುನ್ನ ಒಂದು ಕ್ಷಣ ಕಿವಿಗೊಡಿ. ತೆಗೆದ ಮೇಲೆ, ಆವಿ ಮುಖಕ್ಕೆ ಹೊಡೆಯದಷ್ಟು ದೂರ ನಿಂತು, ಗುಳ್ಳೆಗಳು ಯಾವ ಯಾವ ಜಾಗದಿಂದ ಏಳುತ್ತಿವೆ ಎಂದು ಗುರುತಿಟ್ಟುಕೊಳ್ಳಿ. ಮರುದಿನ ಅದೇ ಪಾತ್ರೆಯನ್ನು ಒಲೆಯ ಮೇಲೆ ತಿರುಗಿಸಿ ಇಟ್ಟು ನೋಡಿ. ಗುಳ್ಳೆ ಏಳುವ ಜಾಗ ಪಾತ್ರೆಯೊಂದಿಗೆ ತಿರುಗಿತೇ, ಅಥವಾ ಉರಿಯೊಂದಿಗೆ ಉಳಿಯಿತೇ? ಕಂಡದ್ದನ್ನು ನಮಗೆ ಬರೆದು ತಿಳಿಸಿ. ಉತ್ತರ ನಿಮ್ಮ ಮನೆಯ ಪಾತ್ರೆಯಲ್ಲೇ ಇದೆ.