ತೋಟದ ಕಪ್ಪೆಗೂ ಒಂದು ಹೆಸರು ಬೇಕು

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಬಸಿಗಾಲುವೆಯಿಂದ ಏಳುವ ವಟಗುಟ್ಟುವಿಕೆಯನ್ನು ಕೇಳದ ಬೆಳೆಗಾರರಿಲ್ಲ. ಆದರೆ ಅಲ್ಲಿ ಕೂಗುತ್ತಿರುವುದು ಒಂದೇ ಜಾತಿಯೋ ಹತ್ತು ಜಾತಿಯೋ ಎಂದು ವಿಚಾರಿಸಿದವರು ವಿರಳ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಣ್ಣಳತೆಯಲ್ಲೇ ಅಡಕೆ ವಿಂಗಡಿಸುವ ನಾವು, ಕಪ್ಪೆಯನ್ನು ಮಾತ್ರ ಬರೀ ಕಪ್ಪೆ ಎಂದು ಬಿಟ್ಟಿದ್ದೇವೆ.

ಈ ವಿಂಗಡಣೆಯ ಕೆಲಸ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ನಡೆದಿದೆಯೆಂಬುದು ಸದಸ್ಯರಿಗೆ ತಿಳಿದಿರಲಿ. ಅಲ್ಲಿನ ಎಸ್.ವಿ. ಕೃಷ್ಣಮೂರ್ತಿ ಮತ್ತು ಸಂಗಡಿಗರು ಕುದುರೆಮುಖ ಸೀಮೆಯ ದೊಡ್ಡ, ಸುಕ್ಕುಮೈಯ ಇರುಳುಗಪ್ಪೆಯೊಂದನ್ನು 2001ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ನಾಮಕರಣದ ಅಂತಾರಾಷ್ಟ್ರೀಯ ನಿಯಮದಂತೆ ಆ ಹೆಸರು ಊರ್ಜಿತವಾಗಲಿಲ್ಲ. 2007ರಲ್ಲಿ ಅದಕ್ಕೆ ಕರ್ನಾಟಕದ ಹೆಸರನ್ನೇ ಇಡಲಾಯಿತು. ಅದೇ ವರ್ಷ ಕೆ.ವಿ. ಗುರುರಾಜ ಮೊದಲಾದವರು ಶರಾವತಿ ಕೊಳ್ಳದ ಪುಟ್ಟ ಪೊದೆಗಪ್ಪೆಯೊಂದಕ್ಕೆ, ಕಣ್ಣಿನ ನೀಲಿಯನ್ನು ನೋಡಿ, ನೀಲನೇತ್ರ ಎಂಬರ್ಥದ ಹೆಸರಿಟ್ಟರು. 2014ರಲ್ಲಿ ಬಂದುದು ‘ಕುಂಬಾರ’. ಅದರ ಗಂಡು ಮುಂಗೈಯಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಇದಕ್ಕಿಂತ ಒಪ್ಪುವ ಹೆಸರು ಲ್ಯಾಟಿನಿನಲ್ಲಿ ಸಿಕ್ಕೀತೆಂದು ನಮಗೆ ತೋರುವುದಿಲ್ಲ.

ಹೆಸರಿಡುವುದು ಸುಲಭದ ಮಾತಲ್ಲ. ಮೂತಿಯಿಂದ ಹಿಂಭಾಗದವರೆಗಿನ ಉದ್ದ, ಬೆರಳಿನ ನಡುವಣ ಪೊರೆ, ಕಿವಿದಮ್ಮಟೆ, ನೆಲಗಪ್ಪೆಯಾದರೆ ಕಣ್ಣಿನ ಹಿಂದಿನ ವಿಷಗ್ರಂಥಿ, ಇವೆಲ್ಲವನ್ನೂ ಅಳೆಯಬೇಕು. ಕೂಗನ್ನು ಧ್ವನಿಮುದ್ರಿಸಬೇಕು, ಈಗ ಡಿ.ಎನ್.ಎ. ಪರೀಕ್ಷೆಯೂ ಉಂಟು. ಹಳೆಯ ಮಾದರಿಗಳೊಡನೆ ಹೋಲಿಸಿ, ಹೊಸ ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾಪಿಡಬೇಕು. ಕಾಪಿಡದಿದ್ದರೆ ಏನಾಗುತ್ತದೆ? ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾಯರು 1937ರಲ್ಲಿ ಹಾಸನ ಜಿಲ್ಲೆಯ ಕೆಂಪುಹೊಳೆಯಿಂದ ಗಿಡ್ಡ ಮೂತಿಯ ನೆಲಗಪ್ಪೆಯೊಂದನ್ನು ವರ್ಣಿಸಿದ್ದರು. ಆ ಮೂಲ ಮಾದರಿ ಕಳೆದುಹೋಗಿದೆ. ಇಂದು ಅಂಥ ನೆಲಗಪ್ಪೆ ಸಿಕ್ಕರೂ ಪಕ್ಕದಲ್ಲಿಟ್ಟು ನೋಡಲು ಏನೂ ಇಲ್ಲ.

ಹೆಸರಿಲ್ಲದ ಜೀವಿ ಯಾವ ರಕ್ಷಣಾ ಪಟ್ಟಿಗೂ ಸೇರದು. ಕೋಸ್ಟರಿಕಾದ ಹೊನ್ನಿನ ಬಣ್ಣದ ನೆಲಗಪ್ಪೆಗೆ 1966ರಲ್ಲಿ ಹೆಸರು ಬಂತು, 1989ರ ಬಳಿಕ ಅದು ಯಾರಿಗೂ ಕಾಣಲಿಲ್ಲ. ಹೆಸರಿದ್ದುದರಿಂದ ಹೋದದ್ದಾದರೂ ಗೊತ್ತಾಯಿತು.

ಇನ್ನು ನಮ್ಮ ತೋಟದ ವಿಚಾರ. ಶಂಕರಘಟ್ಟದವರು ನೈಟ್ರೇಟ್ ಬೆರೆತ ನೀರಿನಲ್ಲಿ ಗೊದಮೊಟ್ಟೆಗಳನ್ನು ಬೆಳೆಸಿ ನೋಡಿದಾಗ ಅಂಗವಿಕಾರಗಳು ಕಂಡುಬಂದವು. 2008ರಲ್ಲಿ ಅದು ಪ್ರಕಟವಾಗಿದೆ. ಯೂರಿಯ ಸುರಿದ ಮರುದಿನವೇ ಜಡಿಮಳೆ ಬಂದರೆ ಗೊಬ್ಬರದ ದುಡ್ಡೂ ಹೊಳೆಪಾಲು, ಗೊದಮೊಟ್ಟೆಗೂ ಕೇಡು. ಮೈಲುತುತ್ತದ ತಾಮ್ರವೂ ಅವಕ್ಕೆ ವಿಷವೇ. ಹಾಗೆಂದು ಕೊಳೆರೋಗದ ಕಾಲದಲ್ಲಿ ಬೋರ್ಡೋ ಬಿಡಿ ಎನ್ನುವ ಧೈರ್ಯ ನಮಗಿಲ್ಲ, ಹೇಳುವುದೂ ಇಲ್ಲ. ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆಯದಿದ್ದರೆ ಸಾಕಷ್ಟಾಯಿತು.

ಗುರುತು ಸಿಗದ ಕಪ್ಪೆಯೋ ನೆಲಗಪ್ಪೆಯೋ ಕಂಡರೆ ಹಿಡಿದು ಸೀಸೆಗೆ ಹಾಕಬೇಡಿ. ಮಾದರಿ ಸಂಗ್ರಹ ಅನುಮತಿ ಪಡೆದವರ ಕೆಲಸ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಕೂಗನ್ನು ಮೊಬೈಲಿನಲ್ಲಿ ಹಿಡಿಯಿರಿ. ಊರು, ತಾರೀಖು, ಹೊತ್ತು, ಮತ್ತು ಅದು ಕಂಡದ್ದು ಕಾಲುವೆಯಲ್ಲೋ ಕಾಫಿ ಗಿಡದ ಎಲೆಯ ಮೇಲೋ ಎಂಬುದನ್ನು ಬರೆದು ವಿಶ್ವವಿದ್ಯಾನಿಲಯದ ಪರಿಸರ ವಿಜ್ಞಾನ ವಿಭಾಗಕ್ಕೆ ಕಳುಹಿಸಿ.